ಮಗಳ ತೂಕ 48ಕ್ಕೆ ಇಳಿಸಬೇಕಂತೆ. ಆ ಫ್ರಾನ್ಸ್ ಹುಡುಗಿ ಹೆಂಗೆ ಮಾಡಿದ್ಲು, ಗೊತ್ತಿರೋರು ಹೇಳ್ತೀರಾ?

ಸೂಜಿದಾರ (ದಾವಣಗೆರೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ನಿಟ್ಟುವಳ್ಳಿ ಕಡೆ ಒಂದು ಸಣ್ಣ ಟೈಲರಿಂಗ್ ಅಂಗಡಿ ಇಟ್ಕೊಂಡಿದ್ದೀನಿ. ಬ್ಲೌಸು, ಫಾಲ್ಸು, ಜೂನ್ ಬಂತಂದ್ರೆ ಸ್ಕೂಲ್ ಯೂನಿಫಾರ್ಮು. ನಾಲ್ಕು ವರ್ಷದಿಂದ ಕರಾಟೆ ಡ್ರೆಸ್ಸೂ ಹೊಲೀತೀನಿ. ಮಗಳು ಕ್ಲಾಸಿಗೆ ಹೋಗೋಕೆ ಶುರು ಮಾಡಿದಾಗ ಅವಳಿಗೊಂದು ಹೊಲಿದೆ, ಅದನ್ನ ನೋಡಿ ಉಳಿದ ಮಕ್ಕಳ ಅಮ್ಮಂದಿರೂ ಬಂದ್ರು. ಹಂಗಾಗಿ ಕರಾಟೆ ಬಗ್ಗೆ ನನಗೆ ಗೊತ್ತಿರೋದೆಲ್ಲ ಬಟ್ಟೆ ಕಡೆಯಿಂದ ಗೊತ್ತಿರೋದು. ಕಟಾ (ಒಬ್ಬರೇ ಮಾಡಿ ತೋರಿಸೋ ವರಸೆ) ಮಾಡೋರಿಗೆ ದಪ್ಪ ಕ್ಯಾನ್ವಾಸ್ ಬೇಕು, ಕೈ ಬೀಸಿದ್ರೆ ತೋಳು ಪಟ್ ಅಂತ ಸದ್ದು ಮಾಡ್ಬೇಕು. ಕುಮಿಟೆ (ಎದುರಾಳಿ ಜೊತೆ ಹೊಡೆದಾಡೋದು) ಆಡೋರಿಗೆ ತೆಳ್ಳಗೆ, ಹಗುರಕ್ಕೆ. ನನ್ನ ಮಗಳು ಕುಮಿಟೆ.

ವಿಷಯಕ್ಕೆ ಬರ್ತೀನಿ. ಮಗಳಿಗೆ 17. ಸೆಕೆಂಡ್ ಪಿಯು ಕಾಮರ್ಸ್, ಬ್ರೌನ್ ಬೆಲ್ಟ್. ದಸರಾ ಕಳೆದ ಮೇಲೆ ಸೆಲೆಕ್ಷನ್ ಐತೆ. ಜೂನಿಯರ್ 48 ಕೆಜಿ ಒಳಗೆ ಆಡಿಸ್ತೀನಿ ಅಂತ ಅವರ ಸರ್ ಹೇಳಿದಾರೆ. ನಮ್ಮ ಪಕ್ಕದ ಮಂಡಕ್ಕಿ ಅಂಗಡಿ ತೂಕದ ಮೇಲೆ ನಿಲ್ಲಿಸಿದೆ, 49 ಕೆಜಿ 800 ಗ್ರಾಂ ಬಂತು. (ಅಂಗಡಿಯವನು "ಅಕ್ಕಾ, ಚೀಲದ ತೂಕ ಕಳೀಲಾ?" ಅಂತ ನಗ್ತಾನೆ ಬೇರೆ.) ಈಗ ರಾತ್ರಿ ಅನ್ನ ಬಿಡಿಸಿದಾರೆ. ಒಂದು ಚಪಾತಿ, ಸೌತೆಕಾಯಿ, ಅಷ್ಟೇ. ನಿದ್ದೆಗಣ್ಣಲ್ಲಿ ಎದ್ದು ಅಡಿಗೆಮನೇಲಿ ನೀರು ಕುಡಿಯೋದನ್ನ ಎರಡು ಸಲ ನೋಡಿದ್ದೀನಿ.

ಇದರ ಮೇಲೆ ಪಿಯು ಮುಗಿದ ಮೇಲೆ ಒಂದು ವರ್ಷ ಓದು ಬಿಡಿಸಿ, ಪೂರ್ತಿ ಪ್ರಾಕ್ಟೀಸ್‌ಗೆ ಹಾಕಿ ಅಂತಾರೆ ಸರ್. ಮೊಬೈಲಲ್ಲಿ ಅಲೆಕ್ಸಾಂಡ್ರಾ ರೆಕಿಯಾ ಅನ್ನೋ ಫ್ರಾನ್ಸ್ ಹುಡುಗಿ ವಿಡಿಯೋ ತೋರ್ಸಿ, "ನೋಡಿ ಅಮ್ಮಾ, 50 ಕೆಜಿ ಇಲ್ಲ, ವಿಶ್ವ ಚಾಂಪಿಯನ್. ಎಲ್ಲಾ ಬಿಟ್ಟು ಕೂತಿದ್ದಕ್ಕೆ ಆಗಿದ್ದು" ಅಂದ್ರು. ವಿಡಿಯೋ ಏನೋ ಚೆಂದ ಐತೆ. ಎದುರಿನೋಳು ಕಾಲೆತ್ತೋದ್ರೊಳಗೆ ಇವಳು ಹೊಡೆದು ವಾಪಸ್ ಬಂದಿರ್ತಾಳೆ. ಆದ್ರೆ ಮನೆಗೆ ಬಂದು ನಾನೇ ಹುಡುಕಿದೆ. ಆ ಹುಡುಗಿ ವಕೀಲೆ ಅಂತ ಐತಲ್ಲ! ಎಲ್ಲಾ ಬಿಟ್ಟು ಕೂತೋಳು ವಕೀಲೆ ಹೆಂಗಾದ್ಲು?

ಅವಳ ಕತೆ ಸರಿಯಾಗಿ ಗೊತ್ತಿರೋರು ಹೇಳಿ. ಈ ತೂಕ ಇಳಿಸೋದು ಸರೀನಾ ಅಂತಾನೂ ಹೇಳಿ. ನಮ್ಮ ಮನೆಯವರು ಅಕ್ಕಿ ಗಿರಣಿಗೆ ಹೋಗೋರು, "ನೀನೇ ನೋಡ್ಕೋ" ಅಂದುಬಿಟ್ಟಿದಾರೆ.

ಗರಡಿಮನೆ_ಹುಡುಗ:

ಅಕ್ಕಾ, ಕರಾಟೆ ಒಲಿಂಪಿಕ್ಸಲ್ಲೇ ಇಲ್ಲ. ಟೋಕಿಯೋದಲ್ಲಿ ಒಂದು ಸಲ ಇಟ್ರು, ತೆಗೆದ್ರು. ನಮ್ಮ ದಾವಣಗೆರೆಯಲ್ಲಿ ಹುಟ್ಟಿ ಕರಾಟೆ ಯಾಕೆ? ಕುಸ್ತಿಗೆ ಹಾಕಿ. ಕ್ರೀಡಾ ಹಾಸ್ಟೆಲ್ ಊರಲ್ಲೇ ಐತೆ, ಹೆಣ್ಮಕ್ಕಳ ಕುಸ್ತೀಲಿ 50 ಕೆಜಿ ಒಲಿಂಪಿಕ್ಸಲ್ಲೂ ಐತೆ. ಊಟಾನೂ ಬಿಡಿಸಲ್ಲ, ಬಾದಾಮಿ ಹಾಲು ಕುಡಿಸ್ತಾರೆ.

ಸೂಜಿದಾರ:

ತಮ್ಮಾ, ಬಾದಾಮಿ ರೇಟು ನೀನು ಕೊಡ್ತೀಯಾ? ಅದೂ ಅಲ್ದೆ, ಅದೇ ಕುಸ್ತಿ 50 ಕೆಜೀಲಿ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್‌ಗೆ 100 ಗ್ರಾಂಗೆ ಏನಾಯ್ತು ಅಂತ ಟಿವೀಲಿ ನಾನೂ ನೋಡಿದ್ದೀನಿ. ಅವತ್ತಿಂದಲೇ ನನಗೆ ಈ ತೂಕದ ಮಿಷನ್ ಕಂಡ್ರೆ ಭಯ.

ಕೋಟೆಮೆಟ್ಟಿಲು (ಚಿತ್ರದುರ್ಗ):

ಅಕ್ಕಾ, ನಿಮ್ಮ ಪ್ರಶ್ನೆ ನೋಡಿ ಸುಮ್ಮನೆ ದಾಟಿ ಹೋಗೋಕಾಗಲಿಲ್ಲ. ನಾನು ದುರ್ಗದವಳು, ಹೈಸ್ಕೂಲಲ್ಲಿ ಪಿಇ ಟೀಚರ್. ಹದಿನಾಲ್ಕರಿಂದ ಇಪ್ಪತ್ಮೂರರವರೆಗೆ ಕುಮಿಟೆ ಆಡಿದೀನಿ, ಅದರಲ್ಲಿ ಕೊನೇ ಮೂರು ವರ್ಷ ಇದೇ 50 ಕೆಜಿ ಒಳಗೆ. ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಮೊದಲು ರೆಕಿಯಾ ವಿಷಯ. ನಿಮ್ಮ ಸರ್ ಹೇಳಿದ್ದರಲ್ಲಿ ಅರ್ಧ ನಿಜ. 1988ರಲ್ಲಿ ಹುಟ್ಟಿದವಳು. 2012ರ ನವೆಂಬರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಪ್ಯಾರಿಸ್‌ನಲ್ಲೇ ನಡೀತು, ಬೆರ್ಸಿ ಅನ್ನೋ ದೊಡ್ಡ ಒಳಾಂಗಣದಲ್ಲಿ. ತನ್ನ ದೇಶದ ಜನ ಕೂಗ್ತಾ ಇರುವಾಗ 50 ಕೆಜಿ ಒಳಗಿನ ಚಿನ್ನ ಗೆದ್ದಳು. 2014ರಲ್ಲಿ ಜರ್ಮನಿಯ ಬ್ರೆಮೆನ್‌ನಲ್ಲಿ ಅದೇ ಪಟ್ಟ ತುರ್ಕಿಯ ಸೆರಾಪ್ ಓಜ್ಚೆಲಿಕ್ ಪಾಲಾಯ್ತು. 2016ರಲ್ಲಿ ಆಸ್ಟ್ರಿಯಾದ ಲಿನ್ಜ್‌ನಲ್ಲಿ ರೆಕಿಯಾ ವಾಪಸ್ ತಗೊಂಡಳು. ಅಂದ್ರೆ ಒಂದು ಸಲ ಮಿಂಚಿ ಮಾಯ ಆದೋಳಲ್ಲ. ಚಿನ್ನ ಕೈಬಿಟ್ಟು ಹೋದಮೇಲೆ ಮತ್ತೆ ಎರಡು ವರ್ಷದ ಲೆಕ್ಕ ಹಾಕಿ ಬಂದೋಳು. ಇದರ ಜೊತೆಗೇ ಕಾನೂನು ಓದಿ ವಕೀಲೆಯೂ ಆದಳು. "ಎಲ್ಲಾ ಬಿಟ್ಟು ಕೂತಿದ್ದಕ್ಕೆ" ಅನ್ನೋದು ನಿಮ್ಮ ಸರ್ ಸೇರಿಸಿದ ಒಗ್ಗರಣೆ.

ಆದ್ರೆ ಅವಳ ಕತೆಯಲ್ಲಿ ನನಗೆ ಹೊಟ್ಟೆ ಉರಿಯೋ ಭಾಗ ಬೇರೆ ಇದೆ. ಅದನ್ನ ಯಾರೂ ವಿಡಿಯೋದಲ್ಲಿ ಹಾಕಲ್ಲ.

2008ರ ವಿಶ್ವ ಚಾಂಪಿಯನ್‌ಶಿಪ್‌ವರೆಗೂ ಹೆಂಗಸರ ಕುಮಿಟೆಯಲ್ಲಿ, ತೂಕದ ಲೆಕ್ಕ ಇಲ್ಲದ ಓಪನ್ ಒಂದು ಬಿಟ್ಟರೆ, ಮೂರೇ ತೂಕದ ಗೆರೆ ಇದ್ದಿದ್ದು: 53ರೊಳಗೆ, 60ರೊಳಗೆ, ಅದಕ್ಕೂ ಮೇಲೆ. 47 ಕೆಜಿ ಹುಡುಗಿ ಇದ್ದರೆ 53ರವಳ ಹತ್ರ ಒದೆ ತಿನ್ನಬೇಕಿತ್ತು. 2010ರ ಬೆಲ್‌ಗ್ರೇಡ್ ಹೊತ್ತಿಗೆ ಅದನ್ನ ಐದು ಮಾಡಿದ್ರು: 50, 55, 61, 68, ಆಮೇಲೆ 68ರ ಮೇಲೆ. ಹಂಗೆ 50ರ ಗೆರೆ ಹುಟ್ಟಿದ್ದು. ರೆಕಿಯಾಗೆ ಆಗ ಇಪ್ಪತ್ತೆರಡರ ಆಸುಪಾಸು. ಅವಳ ಮೈಗೆ ಅಂತಲೇ ಅಳತೆ ತಗೊಂಡು ಹೊಲಿದಂಗೆ ಬಂತು ಅನ್ನಿ, ನಿಮ್ಮ ಭಾಷೇಲಿ ಹೇಳೋದಾದ್ರೆ. ಆಮೇಲೆ ಟೋಕಿಯೋ ಒಲಿಂಪಿಕ್ಸ್‌ಗೆ ಕರಾಟೆ ಸೇರಿಸಿದ್ರು. ಅಲ್ಲಿ ಜಾಗ ಕಮ್ಮಿ. ಐದು ಗೆರೆ ಮತ್ತೆ ಮೂರಾಯ್ತು: 55, 61, 61ರ ಮೇಲೆ. 50 ಕೆಜಿ ಅನ್ನೋದನ್ನ ಅಳಿಸಿಬಿಟ್ರು! ಎರಡು ಸಲ ವಿಶ್ವ ಚಾಂಪಿಯನ್ ಆದೋಳು ಐದು ಕೆಜಿ ದೊಡ್ಡವರ ಜೊತೆ ಕ್ಯೂ ನಿಲ್ಲಬೇಕು. ಒಂದೊಂದು ವಿಭಾಗಕ್ಕೆ ಇಡೀ ಪ್ರಪಂಚದಿಂದ ಹತ್ತರ ಆಸುಪಾಸು ಜನ ಅಷ್ಟೇ. ಓಜ್ಚೆಲಿಕ್ 55ಕ್ಕೆ ಏರಿ ಟೋಕಿಯೋ ತಲುಪಿದಳು. ರೆಕಿಯಾ ತಲುಪಲಿಲ್ಲ. 2021ರ ಆಗಸ್ಟಲ್ಲಿ ಬುಡೋಕಾನ್ ಹಾಲಲ್ಲಿ 55ರೊಳಗೆ ಚಿನ್ನ ಗೆದ್ದಿದ್ದು ಬಲ್ಗೇರಿಯಾದ ಇವೆತ್ ಗೊರಾನೊವಾ. ಆ ವಿಭಾಗದಲ್ಲಿ ಫ್ರಾನ್ಸಿನವರು ಒಬ್ಬರೂ ಇರಲಿಲ್ಲ.

ಅದಾದ ಮೇಲಾದ್ರೂ ಪ್ಯಾರಿಸ್ ಅಂದ್ಕೊಂಡ್ರೆ, ಪ್ಯಾರಿಸ್‌ನವರು ಅದಕ್ಕೂ ಎರಡು ವರ್ಷ ಮುಂಚೆ, 2019ರಲ್ಲೇ, ಕರಾಟೆ ಬೇಡ ಅಂತ ತೀರ್ಮಾನ ಮಾಡಿ ಬ್ರೇಕ್ ಡ್ಯಾನ್ಸ್ ಹಾಕ್ಕೊಂಡಿದ್ರು. ಫ್ರಾನ್ಸ್ ಅಂದ್ರೆ ಕರಾಟೆ ಫೆಡರೇಶನ್ನಿಗೆ ಎರಡು ಲಕ್ಷಕ್ಕೂ ಮೀರಿ ಸದಸ್ಯರಿರೋ ದೇಶ ಕಣ್ರೀ! ಟೋಕಿಯೋದಲ್ಲಿ ಅವರದೇ ಸ್ಟೀವನ್ ಡಾ ಕೋಸ್ಟಾ ಗಂಡಸರ 67 ಕೆಜಿ ಒಳಗೆ ಚಿನ್ನ ಗೆದ್ದ, ತನ್ನ ದೇಶದ ಒಲಿಂಪಿಕ್ಸಲ್ಲಿ ಅದನ್ನ ಉಳಿಸಿಕೊಳ್ಳೋಕೆ ಅಂಗಳವೇ ಇಲ್ಲ. 2028ರ ಲಾಸ್ ಏಂಜಲೀಸ್‌ನಲ್ಲೂ ಇಲ್ಲ, ಅಲ್ಲಿ ನಮ್ಮ ಕ್ರಿಕೆಟ್ ಹೋಗಿ ಕೂತಿದೆ. ಅಷ್ಟರಮಟ್ಟಿಗೆ ಗರಡಿಮನೆ ಹುಡುಗ ಹೇಳಿದ್ದು ಸರಿ. ಆದ್ರೆ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ಏಷ್ಯನ್ ಗೇಮ್ಸ್‌ನಲ್ಲಿ 50 ಕೆಜಿ ಇದೆ. ಆಟ ಸತ್ತಿಲ್ಲ.

ನಾನು ಹೇಳೋದು ಇಷ್ಟು: ಈ ಗೆರೆ ಎಳೆಯೋರು ಎಲ್ಲೋ ಕೂತಿರ್ತಾರೆ, ಅವರಿಗೆ ಬೇಕಾದಾಗ ಜರುಗಿಸ್ತಾರೆ, ಅಳಿಸ್ತಾರೆ. ವಿಶ್ವ ಚಾಂಪಿಯನ್ನನ್ನೂ ಕೇಳಿ ಎಳೆದಿದ್ದಲ್ಲ. ಅಂಥ ಗೆರೆಗೆ ಮಗು ಮೈನ ಕತ್ತರಿಸಿ ಕೂರಿಸೋದು ಯಾವ ಲೆಕ್ಕ?

ತೂಕದ ವಿಷಯಕ್ಕೆ ನನ್ನದೇ ಹೇಳ್ತೀನಿ. ನನಗೆ ಇಪ್ಪತ್ತು. ಮೇ ತಿಂಗಳು, ದುರ್ಗದ ಬಿಸಿಲು ನಿಮಗೆ ಗೊತ್ತಲ್ಲ, ಕಲ್ಲು ಕಾದು ಸಂಜೆ ಏಳಕ್ಕೂ ಹಬೆ ಬಿಡ್ತಿರುತ್ತೆ. ನನ್ನ ತೂಕ 51 ಕೆಜಿ 200. ನಾಳೆ ತೂಕ. ಎರಡು ಸ್ವೆಟರ್, ಮೇಲೊಂದು ರೈನ್‌ಕೋಟು ಹಾಕ್ಕೊಂಡು ಚಂದ್ರವಳ್ಳಿ ಕಡೆ ಓಡಿದೆ, ವಾಪಸ್ ಬಂದು ತಾರಸಿ ಮೇಲೆ ಸ್ಕಿಪ್ಪಿಂಗ್. ರಾತ್ರಿಯೆಲ್ಲ ಬಾಯಿಗೆ ಒಂದು ಹುಣಸೆಹಣ್ಣಿನ ಎಳೆ ಇಟ್ಕೊಂಡು ಡಬ್ಬಿಗೆ ಉಗುಳ್ತಾ ಕೂತಿದ್ದೆ, ಜೊಲ್ಲಿನ ತೂಕಾನೂ ಇಳೀಲಿ ಅಂತ. ಬೆಳಿಗ್ಗೆ 49.9. ಎಲ್ಲರೂ ಬೆನ್ನು ತಟ್ಟಿದ್ರು. ಮೊದಲ ಬೌಟಲ್ಲೇ ಎದುರಿನವಳ ಕಾಲು ಎದ್ದಿದ್ದು ಕಾಣ್ತು, ತಲೆ ಹಿಂದಕ್ಕೆ ತಗೋ ಅಂತ ಮನಸ್ಸು ಹೇಳ್ತು, ಕುತ್ತಿಗೆ ಕೇಳಲಿಲ್ಲ. ಆಮೇಲೆ ಮೂರು ತಿಂಗಳು ಮುಟ್ಟು ನಿಂತಿತ್ತು. ಅದನ್ನ ಯಾರ ಹತ್ರ ಹೇಳ್ತೀರಿ ಆಗ? ಸರ್ ಹತ್ರ ಹೇಳೋಕಾಗುತ್ತಾ? ಅಮ್ಮನ ಹತ್ರ ಹೇಳಿದ್ರೆ ಕರಾಟೆ ಬಂದ್.

ನಿಮ್ಮ ಮಗಳಿಗೆ 17. ಜೂನಿಯರ್ ಹುಡುಗೀರಿಗೆ 48 ಆದ್ಮೇಲೆ 53 ಇದೆ. 49.8 ಇರೋಳನ್ನ ಸುಮ್ಮನೆ 53ರೊಳಗೆ ಆಡಿಸಿ. ಎದುರಿನವಳು ಮೂರು ಕೆಜಿ ಜಾಸ್ತಿ ಇರ್ತಾಳೆ ನಿಜ. ಇದೇನು ಕುಸ್ತಿ ಅಲ್ಲ, ಹಿಡಿದು ಕೆಳಗೆ ಹಾಕಿ ಅಮುಕೋಕೆ. ಎಂಟು ಮೀಟರ್ ಚೌಕ, ಗುದ್ದಿದ್ರೆ ಒಂದು ಪಾಯಿಂಟು, ಹೊಟ್ಟೆ ಬೆನ್ನಿಗೆ ಒದ್ದರೆ ಎರಡು, ತಲೆ ಎತ್ತರಕ್ಕೆ ಕಾಲು ಹೋದ್ರೆ ಮೂರು, ಕೆಳಗೆ ಬೀಳಿಸಿ ಗುದ್ದಿದ್ರೂ ಮೂರು. ಎಂಟು ಪಾಯಿಂಟ್ ಮುಂದೆ ಹೋದ್ರೆ ಅಲ್ಲಿಗೇ ಬೌಟ್ ಮುಗೀತು. ಸಮ ಆದ್ರೆ ಎದುರಿನವಳಿಗೆ ಪಾಯಿಂಟ್ ಬಿಡದೆ ಮೊದಲು ಹೊಡೆದವಳಿಗೆ ಗೆಲುವು, ಅದಕ್ಕೆ ಸೆನ್ಶು ಅಂತೀವಿ. ಇಷ್ಟರಲ್ಲಿ ಮೂರು ಕೆಜಿಗಿಂತ ಹೊಟ್ಟೆಗೆ ಅನ್ನ ಬಿದ್ದಿರೋ ಕಾಲು ಮುಖ್ಯ.

ರಾತ್ರಿ ಅನ್ನ ಹಾಕಿ ಅಕ್ಕಾ. ಇವತ್ತೇ ಹಾಕಿ.

ಕಪ್ಪುಕೋಟು:

ಮೇಲಿನ ಮೇಡಂ ಎಲ್ಲಾ ಹೇಳಿದಾರೆ. ವಕೀಲಿಕೆ ಮಾತು ಬಂದಿದ್ದಕ್ಕೆ ನಾನೂ ಬಾಯಿ ಹಾಕ್ತೀನಿ, ದುರ್ಗದ ಕೋರ್ಟಲ್ಲೇ ಇರೋನು. ಫ್ರಾನ್ಸಲ್ಲಿ ದೊಡ್ಡ ಮಟ್ಟದ ಕ್ರೀಡಾಪಟುಗಳಿಗೆ ಪರೀಕ್ಷೆ, ಕ್ಲಾಸುಗಳನ್ನ ಹೊಂದಿಸಿ ಕೊಡೋ ವ್ಯವಸ್ಥೆ ಇದೆ. ಪ್ಯಾರಿಸ್ ಅಂಚಿನ ವೆನ್ಸೆನ್ ಕಾಡಿನಲ್ಲಿ ಇನ್ಸೆಪ್ ಅಂತ ಸರ್ಕಾರದ ಕ್ರೀಡಾ ಸಂಸ್ಥೆ, ಅಲ್ಲಿ ತರಬೇತಿಯೂ ಓದೂ ಒಂದೇ ಕಾಂಪೌಂಡಲ್ಲಿ. ನಮ್ಮಲ್ಲಿ ಅಟೆಂಡೆನ್ಸ್ ಕಮ್ಮಿ ಆದ್ರೆ ಪ್ರಿನ್ಸಿಪಾಲ್ ಮುಂದೆ ಕೈ ಕಟ್ಟಿ ನಿಲ್ಲಬೇಕು. ಆದ್ರೂ ಒಂದು ಯೋಚನೆ ಮಾಡಿ: ಪಿಯು ಆದ್ಮೇಲೆ ಐದು ವರ್ಷದ ಎಲ್‌ಎಲ್‌ಬಿ ಇದೆ. ಐದು ವರ್ಷವೂ ಯೂನಿವರ್ಸಿಟಿ ಪರವಾಗಿ ಆಡಬಹುದು, ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕರಾಟೆ ಇದೆ. ಬಿ.ಕಾಂ. ಸೇರಿದ್ರೂ ಅಷ್ಟೇ. ಓದು ಬಿಟ್ಟರೆ ಆ ಬಾಗಿಲೇ ಮುಚ್ಚಿದಂಗೆ. ಒಂದು ವರ್ಷ ಮನೇಲಿ ಕೂತ ಹುಡುಗಿ ಯಾವ ಯೂನಿವರ್ಸಿಟಿ ಪರ ಆಡ್ತಾಳೆ?

ಸೂಜಿದಾರ:

ಮೇಡಂ, ನೀವು ಬರೆದಿದ್ದನ್ನ ಮಗಳಿಗೆ ಓದಿ ಹೇಳಿದೆ. ಹುಣಸೆಹಣ್ಣಿನ ಹತ್ರ ಬಂದಾಗ ತಲೆ ಬಗ್ಗಿಸಿದ್ಲು. ಆಮೇಲೆ ಬ್ಯಾಗಿಂದ ಒಂದು ಡಬ್ಬಿ ತೆಗೆದು ಟೇಬಲ್ ಮೇಲೆ ಇಟ್ಲು. ನಿಂಬೆಹಣ್ಣಿನ ಚೂರು, ಉಪ್ಪು. ನನಗೆ ಗೊತ್ತೇ ಇರಲಿಲ್ಲ. ನಿಮಗೆ ಹೆಂಗೆ ಥ್ಯಾಂಕ್ಸ್ ಹೇಳ್ಬೇಕೋ.

ಕಪ್ಪುಕೋಟು ಸರ್ ಮಾತು ಮನೆಯವರಿಗೂ ಹಿಡಿಸ್ತು. ಇನ್ನೊಂದು ಕೇಳ್ಬೇಕಿತ್ತು. ಮಗಳ ಹತ್ರ ಹನ್ನೊಂದು ಸರ್ಟಿಫಿಕೇಟ್ ಅದಾವೆ, ಅದರಲ್ಲಿ ಮೂರು "ಇಂಟರ್‌ನ್ಯಾಷನಲ್". ಒಂದೊಂದಕ್ಕೆ ಎಂಟುನೂರು, ಸಾವಿರ ಫೀ ಕಟ್ಟಿದ್ದೀವಿ. ಇವುಗಳಿಂದ ನಾಳೆ ಕೆಲಸಕ್ಕೆ ಏನಾದ್ರೂ ಉಪಯೋಗ ಆಗುತ್ತಾ?

ಕೋಟೆಮೆಟ್ಟಿಲು:

ಆ ಡಬ್ಬಿ ಎಸೀರಿ ಮೊದಲು.

ಸರ್ಟಿಫಿಕೇಟ್ ಮಾತು ಕೇಳಿ ನಗಬೇಕೋ ಅಳಬೇಕೋ. ಯಾವುದೋ ಕಲ್ಯಾಣ ಮಂಟಪದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಶುರು ಅಂತ ಹೇಳಿ ಹನ್ನೆರಡಕ್ಕೆ ಶುರು ಮಾಡ್ತಾರೆ. ಹೊರಗೆ ಫ್ಲೆಕ್ಸ್‌ನಲ್ಲಿ ಹದಿನೈದು ಜನರ ಫೋಟೋ, ಆಡೋ ಮಕ್ಕಳದ್ದು ಒಂದೂ ಇಲ್ಲ. ನೇಪಾಳದಿಂದಲೋ ಶ್ರೀಲಂಕಾದಿಂದಲೋ ಇಬ್ಬರು ಬಂದಿರ್ತಾರೆ, ಇಂಟರ್‌ನ್ಯಾಷನಲ್ ಆಯ್ತು. ವೇದಿಕೆ ಮೇಲಿನವರು ಓಬವ್ವನ ಹೆಸರು ಹೇಳದೆ ಭಾಷಣ ಮುಗಿಸಲ್ಲ. ಒಂದು ವಿಭಾಗಕ್ಕೆ ನಾಲ್ಕೇ ಮಕ್ಕಳು, ಮೆಡಲು ನಾಲ್ಕು. ಸೋತೋರೂ ಇಲ್ಲ, ಕಲಿತೋರೂ ಇಲ್ಲ. ಮಕ್ಕಳಿಗೆ ಧೈರ್ಯ ಬರುತ್ತೆ, ಅದನ್ನ ಅಲ್ಲಗಳೆಯಲ್ಲ. ಕೆಲಸಕ್ಕೆ ಮಾತ್ರ ಅದು ಪೇಪರ್ರು.

ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ಪಟ್ಟಿಯಲ್ಲಿ ಕರಾಟೆ ಇದೆ. ಆದ್ರೆ ಅಲ್ಲಿ ಕೇಳೋದು ಬೇರೆ: ಮಾನ್ಯತೆ ಇರೋ ಫೆಡರೇಶನ್ ಮೂಲಕ ದೇಶದ ಪರ ಆಡಿರಬೇಕು, ಇಲ್ಲಾ ರಾಜ್ಯದ ಪರ ರಾಷ್ಟ್ರೀಯ ಮಟ್ಟದಲ್ಲಿ, ಇಲ್ಲಾ ಯೂನಿವರ್ಸಿಟಿ ಪರ ಅಂತರ ವಿಶ್ವವಿದ್ಯಾಲಯದಲ್ಲಿ, ಇಲ್ಲಾ ರಾಜ್ಯದ ಶಾಲಾ ತಂಡದಲ್ಲಿ ಸ್ಕೂಲ್ ಗೇಮ್ಸ್ ಫೆಡರೇಶನ್ನಿನ ರಾಷ್ಟ್ರೀಯ ಕೂಟದಲ್ಲಿ. "ಮಾನ್ಯತೆ" ಅನ್ನೋದರ ಮೇಲೆ ಬೆರಳಿಟ್ಟು ಓದಿ. ನಮ್ಮ ದೇಶದಲ್ಲಿ ಕರಾಟೆ ಸಂಸ್ಥೆಗಳ ಜಗಳಕ್ಕೆ 2020ರಲ್ಲಿ ವಿಶ್ವ ಫೆಡರೇಶನ್ನೇ ನಮ್ಮ ರಾಷ್ಟ್ರೀಯ ಸಂಸ್ಥೆಯ ಮಾನ್ಯತೆ ತಡೆಹಿಡಿದಿತ್ತು. ಆಮೇಲೆ ಬೇರೆ ಸಂಸ್ಥೆ ಬಂತು. ನಡುವೆ ಆಡಿದ ಮಕ್ಕಳ ಗತಿ ನೋಡಿ. ದಸರಾ ಆದ್ಮೇಲಿನ ಆ ಸೆಲೆಕ್ಷನ್ ಯಾರದ್ದು, ಗೆದ್ದರೆ ಮುಂದೆ ಎಲ್ಲಿಗೆ ಹೋಗುತ್ತೆ, ಈ ಎರಡನ್ನ ಸರ್ ಹತ್ರ ಬರವಣಿಗೆಯಲ್ಲಿ ಕೇಳಿ. ಕೇಳೋದಕ್ಕೆ ನಾಚಿಕೆ ಬೇಡ, ಫೀ ಕಟ್ಟೋರು ನೀವು.

ಇನ್ನೊಬ್ಬ ಫ್ರಾನ್ಸಿನವಳ ಹೆಸರು ಹೇಳ್ತೀನಿ, ಮಗಳಿಗೆ ಹುಡುಕೋಕೆ ಹೇಳಿ. ಲಾರೆನ್ಸ್ ಫಿಶರ್. ರೆಕಿಯಾಗಿಂತ ಹಿಂದಿನ ತಲೆಮಾರು, ದೊಡ್ಡ ತೂಕದವಳು, ಮೂರು ಸಲ ವಿಶ್ವ ಚಾಂಪಿಯನ್. ಅಫ್ಘಾನಿಸ್ತಾನದ ಹುಡುಗಿಯರ ಜೊತೆ ಕೆಲಸ ಮಾಡಿದಳು. ಕಾಂಗೋ ದೇಶದ ಬುಕಾವುದಲ್ಲಿ ಡಾಕ್ಟರ್ ಮುಕ್ವೆಗೆ ಅವರ ಪಾಂಜಿ ಆಸ್ಪತ್ರೆ ಇದೆ, ಯುದ್ಧದಲ್ಲಿ ಅತ್ಯಾಚಾರಕ್ಕೆ ಸಿಕ್ಕ ಹೆಂಗಸರಿಗೆ ಚಿಕಿತ್ಸೆ ಕೊಡೋ ಜಾಗ. ಮುಕ್ವೆಗೆ ಅವರಿಗೆ 2018ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅಲ್ಲಿಯ ಹೆಂಗಸರಿಗೆ ಈ ಫಿಶರ್ ಕರಾಟೆ ಹೇಳಿಕೊಟ್ಟಳು. ನಾನು ನಮ್ಮ ಶಾಲೆ ಹುಡುಗಿಯರಿಗೆ ಆತ್ಮರಕ್ಷಣೆ ತರಬೇತಿ ಕೊಡುವಾಗ ಮೊದಲ ಎರಡು ವಾರ ಗುದ್ದೋದು ಹೇಳಿಕೊಡಲ್ಲ. ನೆಟ್ಟಗೆ ನಿಲ್ಲೋದು, ಜೋರಾಗಿ ಕೂಗೋದು, ಇಷ್ಟೇ. ಎಂಟನೇ ಕ್ಲಾಸಿನ ಎಷ್ಟೋ ಹುಡುಗೀರಿಗೆ ಕೂಗೋಕೇ ಬರಲ್ಲ, ಕಿಯಾಯ್ (ಹೊಡೆಯುವಾಗಿನ ಕೂಗು) ಹಾಕಿ ಅಂದ್ರೆ ಬಾಯಿಗೆ ವೇಲ್ ಅಡ್ಡ ಹಿಡೀತಾರೆ.

ಗರಡಿಮನೆ_ಹುಡುಗ:

ಮೇಡಂ, ನೀವು ಹೇಳಿದ ಮೇಲೆ ರೆಕಿಯಾ ಬೌಟ್ ಮೂರು ನೋಡಿದೆ. ಕಾಲು ಒಂದು ಕ್ಷಣ ನೆಲಕ್ಕೆ ನಿಲ್ಲಲ್ಲ. ಕುಸ್ತೀಲಿ ಸಿಕ್ಕಿದ್ರೆ ಕಾಲು ಹಿಡಿಯೋದೇ ಕಷ್ಟ ಆಗ್ತಿತ್ತು. ಒಪ್ಪಿದೆ. ಬಾದಾಮಿ ಮಾತು ವಾಪಸ್ ತಗೊಂಡಿದ್ದೀನಿ, ಶೇಂಗಾ ಕೊಡಿ ಅಕ್ಕಾ, ನಮ್ಮ ಗರಡೀಲೂ ಅರ್ಧ ಜನ ಶೇಂಗಾನೇ.

ಸೂಜಿದಾರ:

ಎರಡು ವಾರ ಆಯ್ತು, ಏನಾಯ್ತು ಅಂತ ಹೇಳಿಬಿಡ್ತೀನಿ. ಸರ್ ಹತ್ರ ನಾನೇ ಹೋಗಿದ್ದೆ, ಅಂಗಡಿ ಬಾಗಿಲು ಹಾಕಿ. 53ರೊಳಗೆ ಆಡಿಸಿ ಅಂದೆ. ಮುಖ ಗಂಟು ಹಾಕ್ಕೊಂಡ್ರು. 48ರಲ್ಲಿ ಈ ಸಲ ಹುಡುಗೀರು ಕಮ್ಮಿ, ಮೆಡಲ್ ಗ್ಯಾರಂಟಿ ಇತ್ತು ಅಂದ್ರು. ಹಂಗಾದ್ರೆ ಇಷ್ಟು ದಿನ ಅನ್ನ ಬಿಡಿಸಿದ್ದು ಅದಕ್ಕಾ ಅಂತ ಕೇಳ್ಬೇಕು ಅನ್ನಿಸ್ತು, ಕೇಳಲಿಲ್ಲ. ಕೆಟ್ಟವರಲ್ಲ ಅವರು. ಮಳೆ ಬಂದ ದಿನ ಮಗಳನ್ನ ಮನೆತನಕ ಬಿಟ್ಟು ಹೋಗಿದಾರೆ. ಸೆಲೆಕ್ಷನ್ ಯಾರದ್ದು ಅನ್ನೋದನ್ನ ಮಾತ್ರ ಚೀಟೀಲಿ ಬರೆಸ್ಕೊಂಡು ಬಂದೆ. ಕಪ್ಪುಕೋಟು ಸರ್‌ಗೆ ಅದರ ಫೋಟೋ ಕಳಿಸಿದ್ದೀನಿ, ನೋಡಿ ಹೇಳಿ.

ಮೊನ್ನೆ ಅವಳ ಡ್ರೆಸ್ಸು ಒಗೆದು ಇಸ್ತ್ರಿ ಮಾಡುವಾಗ ಪ್ಯಾಂಟು ಮೀನಖಂಡ ದಾಟಿ ಮೇಲೆ ಬರ್ತಿರೋದು ಕಾಣ್ತು. ಹೊಲಿದಾಗ ಬೆಳೀತಾಳೆ ಅಂತ ಒಳಗೆ ಮೂರು ಇಂಚು ಮಡಚಿ ಬಿಟ್ಟಿದ್ದೆ. ನಿಲ್ಲಿಸಿ ಟೇಪ್ ಹಿಡಿದೆ. ಯುಗಾದಿಗೆ ಲಂಗ ಹೊಲಿದಾಗಿನ ಅಳತೆ ಪುಸ್ತಕದಲ್ಲಿತ್ತು, ಅದಕ್ಕೂ ಇದಕ್ಕೂ ಎತ್ತರದಲ್ಲೇ ಒಂದೂಕಾಲು ಇಂಚು ಜಾಸ್ತಿ. ಬೆಳೀತಿರೋ ಹುಡುಗಿ ಹತ್ರ ಎರಡು ಕೆಜಿ ಕಮ್ಮಿ ಆಗು ಅಂತಿದ್ವಿ ನಾವು. ಮೂರು ಇಂಚೂ ಬಿಚ್ಚಿ ಹೊಸ ಹೊಲಿಗೆ ಹಾಕಿದ್ದೀನಿ. ಹಳೇ ಮಡಿಕೆ ಗುರುತು ಮಾತ್ರ ಬಿಳಿ ಬಟ್ಟೆ ಮೇಲೆ ಹೋಗ್ತಾ ಇಲ್ಲ, ಯಾರಿಗಾದ್ರೂ ಉಪಾಯ ಗೊತ್ತಿದ್ರೆ ಹೇಳಿ.